ಸ್ವಂತ ಲಾರಿ ತಗೊಳ್ಳುವ ಮೊದಲು ಆರು ತಿಂಗಳು ಓನರ್ ಲೆಕ್ಕ ಬರೆಯಿರಿ

ಡ್ರೈವರ್ ಆಗಿ ಏಳೆಂಟು ವರ್ಷ ಕಳೆದವರಿಗೆಲ್ಲ ಒಂದು ಯೋಚನೆ ಬಂದೇ ಬರುತ್ತದೆ. ಗಾಡಿ ಓಡಿಸುವವನು ನಾನು, ನಿದ್ದೆ ಕೆಡುವವನು ನಾನು, ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ವಾಸನೆ ಬಂದರೆ ದೇವರನ್ನು ನೆನೆಯುವವನು ನಾನು, ದುಡ್ಡು ಮಾತ್ರ ಓನರ್‌ಗೆ. ನಾನೇ ಒಂದು ಗಾಡಿ ತಗೊಂಡರೆ ಹೇಗೆ? ನನಗೂ ಹಾಗೇ ಅನಿಸಿತ್ತು. ಹನ್ನೊಂದು ವರ್ಷ ಬೇರೆಯವರ ಹತ್ತು ಚಕ್ರದ ಲಾರಿ ಓಡಿಸಿ, ಆಮೇಲೆ ಸಾಲ ಮಾಡಿ ನನ್ನ ಹೆಸರಿಗೆ ಒಂದು ತಗೊಂಡೆ. ಮೊದಲ ಒಂದೂವರೆ ವರ್ಷದಲ್ಲಿ ಕಲಿತದ್ದು ಹಿಂದಿನ ಹನ್ನೊಂದು ವರ್ಷದ್ದಕ್ಕಿಂತ ಜಾಸ್ತಿ. ಅದರಲ್ಲಿ ಅರ್ಧದಷ್ಟನ್ನು ದಂಡ ತೆತ್ತೇ ಕಲಿತೆ.

ತಗೊಳ್ಳಿ ಅಂತಲೋ ಬೇಡ ಅಂತಲೋ ನಾನು ಹೇಳುವುದಿಲ್ಲ. ನಿಮ್ಮ ಲೈನು, ನಿಮ್ಮ ಲೋಡು, ನಿಮ್ಮ ಮನೆ ಪರಿಸ್ಥಿತಿ ನನಗೆ ಗೊತ್ತಿಲ್ಲ. ಆದರೆ ಉತ್ತರ ಹುಡುಕುವ ದಾರಿ ಗೊತ್ತು, ಅದಕ್ಕೆ ಖರ್ಚು ಒಂದು ನೋಟ್‌ಬುಕ್ ಅಷ್ಟೇ.

ಈಗ ಓಡಿಸುತ್ತಿದ್ದೀರಲ್ಲ ಓನರ್ ಗಾಡಿ, ಅದು ನಿಮ್ಮದೇ ಅಂದುಕೊಂಡು ಆರು ತಿಂಗಳು ಲೆಕ್ಕ ಬರೆಯಿರಿ. ಅಷ್ಟೇ. ಆರು ತಿಂಗಳು ಯಾಕೆ ಅಂದರೆ ಅದರೊಳಗೆ ಒಂದು ಮಳೆಗಾಲವಾದರೂ ಬರಬೇಕು. ನವೆಂಬರ್‌ನಲ್ಲಿ ಮೆಕ್ಕೆಜೋಳ, ಭತ್ತ ಎಲ್ಲ ಒಟ್ಟಿಗೆ ಹೊರಡುವಾಗ ಲೆಕ್ಕ ಹಾಕಿದರೆ ಯಾರಿಗಾದರೂ ಎರಡು ಲಾರಿ ತಗೊಳ್ಳುವ ಆಸೆ ಬರುತ್ತದೆ. ಜುಲೈನಲ್ಲಿ ಕಟ್ಟಡ ಕೆಲಸ ನಿಂತು, ಸಿಮೆಂಟ್ ಲೋಡ್ ಇಲ್ಲದೆ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಇಪ್ಪತ್ತು ಗಾಡಿ ಸಾಲಾಗಿ ನಿಂತಿರುತ್ತವಲ್ಲ, ಆ ತಿಂಗಳ ಲೆಕ್ಕ ಬೇಕು.

ಬುಕ್ಕಿನಲ್ಲಿ ಏನೇನು ಬರೆಯಬೇಕು ಅಂದರೆ, ಪ್ರತಿ ಟ್ರಿಪ್‌ಗೂ ಲೋಡ್ ಆದ ಕಿಲೋಮೀಟರ್ ಬೇರೆ, ಖಾಲಿ ಓಡಿದ ಕಿಲೋಮೀಟರ್ ಬೇರೆ, ಬಾಡಿಗೆ ಎಷ್ಟು, ಡೀಸೆಲ್ ಎಷ್ಟು ಲೀಟರ್, ಟೋಲ್, ಲೋಡಿಂಗ್ ಅನ್‌ಲೋಡಿಂಗ್ ಖರ್ಚು, ದಾರಿ ಖರ್ಚು. ಇದೆಲ್ಲ ನಿಮಗೆ ಈಗಲೂ ಗೊತ್ತಿರುವುದೇ. ಯಾರೂ ಬರೆಯದೆ ಬಿಡುವ ಒಂದು ಕಾಲಂ ಇದೆ, ಅದೇ ಮುಖ್ಯ: ಗಾಡಿ ಎಷ್ಟು ಹೊತ್ತು ನಿಂತಿತ್ತು. ಫ್ಯಾಕ್ಟರಿ ಗೇಟಿನಲ್ಲಿ ಎಷ್ಟು ಗಂಟೆ, ಗೋಡೌನಿನಲ್ಲಿ ಹಮಾಲರು ಬರುವವರೆಗೆ ಎಷ್ಟು, ರಿಟರ್ನ್ ಲೋಡ್‌ಗೆ ಕಾದಿದ್ದು ಎಷ್ಟು ದಿನ, ಗ್ಯಾರೇಜಿನಲ್ಲಿ ಎಷ್ಟು ದಿನ. ಡ್ರೈವರ್ ಆಗಿದ್ದಾಗ ನಿಂತ ಗಾಡಿ ಅಂದರೆ ನಿದ್ದೆ ಮಾಡುವ ಅವಕಾಶ. ಓನರ್ ಆದ ಮೇಲೆ ಅದೇ ಗಾಡಿ ನಿಂತಲ್ಲೇ ತಿನ್ನುತ್ತಿರುತ್ತದೆ.

ನಿಂತ ಗಾಡಿ ದಿನಕ್ಕೆ ಎಷ್ಟು ತಿನ್ನುತ್ತದೆ

ಒಂದು ಉದಾಹರಣೆ ಹಾಕೋಣ. ಅಂಕಿಗಳು ಬರೀ ಲೆಕ್ಕ ತೋರಿಸುವುದಕ್ಕೆ, ನಿಮ್ಮ ಗಾಡಿಯ ಅಂಕಿ ನೀವೇ ಹಾಕಿಕೊಳ್ಳಿ. ಹತ್ತು ಚಕ್ರದ ಗಾಡಿ, 30 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ. ತಿಂಗಳ ಕಂತು ಸುಮಾರು 63,700 ರೂಪಾಯಿ. ವಿಮೆ ವರ್ಷಕ್ಕೆ 90,000 ಅಂದರೆ ತಿಂಗಳಿಗೆ 7,500. ರೋಡ್ ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಸೇರಿ ತಿಂಗಳಿಗೆ 4,000 ಅಂತ ಇಡೋಣ. ಆಮೇಲೆ ನಿಮ್ಮ ಸಂಬಳ 30,000.

ಇಲ್ಲಿ ಎಲ್ಲರೂ ತಕರಾರು ಮಾಡುತ್ತಾರೆ. "ಗಾಡಿ ನಂದೇ, ಓಡಿಸೋನೂ ನಾನೇ, ನನಗೆ ಸಂಬಳ ಯಾಕೆ? ಅದೇ ಅಲ್ವಾ ಉಳಿತಾಯ?" ಅಲ್ಲ. ನಿಮ್ಮ ಮನೆಯಲ್ಲಿ ಅಕ್ಕಿ ಮುಗಿಯುತ್ತದೆ, ಮಕ್ಕಳ ಫೀಸು ಬರುತ್ತದೆ. ಗಾಡಿ ಮಾರಿ ನಾಳೆ ಬೇರೆಯವರ ಹತ್ತಿರ ಡ್ರೈವರ್ ಆಗಿ ಸೇರಿದರೆ ಸಿಗುವ ಸಂಬಳ ಏನಿದೆಯೋ ಅದು ಗಾಡಿಯ ಖರ್ಚೇ. ಅದನ್ನು ಲೆಕ್ಕಕ್ಕೆ ಹಿಡಿಯದೆ "ತಿಂಗಳಿಗೆ 25,000 ಉಳಿಯಿತು" ಅಂದರೆ, ಸಾಲ ಮಾಡಿಕೊಂಡು ಮೊದಲಿಗಿಂತ 5,000 ಕಡಿಮೆ ಸಂಬಳಕ್ಕೆ ದುಡಿದಿರಿ ಅಂತ ಅರ್ಥ. ಇಂಥ ಓನರ್‌ಗಳು ನನಗೆ ಹತ್ತಾರು ಜನ ಗೊತ್ತು, ಹಲವರಿಗೆ ಇವತ್ತಿಗೂ ಅದು ತಿಳಿದಿಲ್ಲ.

ಎಲ್ಲ ಕೂಡಿಸಿದರೆ ಹೆಚ್ಚೂಕಮ್ಮಿ 1,05,000. ದಿನಕ್ಕೆ 3,500. ಗಾಡಿ ಓಡಲಿ ಬಿಡಲಿ, ಹಬ್ಬ ಇರಲಿ, ಬಂದ್ ಇರಲಿ, ಮಗಳ ನಾಮಕರಣ ಇರಲಿ, ಬೆಳಗಾದರೆ 3,500 ಹೋಯಿತು. ಗೋಡೌನಿನಲ್ಲಿ ಮೂರು ದಿನ ಕಾದರೆ 10,500. ಯಾರೋ ಹಾಲ್ಟಿಂಗ್ ಅಂತ ದಿನಕ್ಕೆ ಸಾವಿರ ಕೊಟ್ಟರೆ ಖುಷಿಪಡುತ್ತೇವೆ ನೋಡಿ.

ಇನ್ನು ಓಡಿದರೆ ಆಗುವ ಖರ್ಚು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ ಮೇಲೆ ಬೆಂಗಳೂರಲ್ಲಿ ಡೀಸೆಲ್ ಸುಮಾರು 91 ರೂಪಾಯಿ ಆಯಿತು, ಅದೇ ತಿಂಗಳು ಲಾರಿ ಮುಷ್ಕರವೂ ಆಯಿತು, ನೆನಪಿರಬಹುದು. ಆ ದರ ಇಟ್ಟುಕೊಂಡು ಲೀಟರಿಗೆ 4 ಕಿಲೋಮೀಟರ್ ಅಂದರೆ ಕಿಲೋಮೀಟರಿಗೆ 22.75. ಟೈರು ಒಂದಕ್ಕೆ 20,000, ಹತ್ತು ಟೈರಿಗೆ 2 ಲಕ್ಷ, 80,000 ಕಿಲೋಮೀಟರ್ ಬಾಳಿಕೆ ಅಂದರೆ 2.50. ಟೋಲ್ 4. ಆಯಿಲ್, ಗ್ರೀಸ್, ಸರ್ವಿಸ್, ಬಿಎಸ್-6 ಗಾಡಿಯಾದ್ದರಿಂದ ಹೊಗೆ ಶುದ್ಧವಾಗಲು ಹಾಕುವ ಯೂರಿಯಾ ದ್ರಾವಣ, ಎಲ್ಲ ಸೇರಿ 2. ದಾರಿ ಖರ್ಚು, ಲೋಡಿಂಗ್ ಮಾಮೂಲು 1.75. ಒಟ್ಟು 33 ರೂಪಾಯಿ.

ಈಗ ಎರಡನ್ನೂ ಸೇರಿಸಿ. ತಿಂಗಳಿಗೆ 8,000 ಕಿಲೋಮೀಟರ್ ಓಡಿದರೆ ದಿನದ ಖರ್ಚಿನ ಪಾಲು ಕಿಲೋಮೀಟರಿಗೆ 13 ರೂಪಾಯಿ. 5,000 ಓಡಿದರೆ 21. ಅದೇ ಗಾಡಿ, ಅದೇ ರಸ್ತೆ, ಅದೇ ಬಾಡಿಗೆ, ಆದರೂ ಕಿಲೋಮೀಟರಿಗೆ 8 ರೂಪಾಯಿ ಮಾಯ. ಬಾಡಿಗೆ ದರದಲ್ಲಿ ಒಂದು ರೂಪಾಯಿಗೆ ಬ್ರೋಕರ್ ಹತ್ತಿರ ಅರ್ಧ ಗಂಟೆ ಜಗಳ ಆಡುವ ನಾವು, ಎರಡು ದಿನ ಗಾಡಿ ಸುಮ್ನೆ ನಿಲ್ಲಿಸಿಕೊಂಡು ಕೂರುವುದನ್ನು ನಷ್ಟ ಅಂತಲೇ ಎಣಿಸುವುದಿಲ್ಲ.

ಖಾಲಿ ಓಡಾಟ ಇದರ ಮೇಲೆ ಇನ್ನೊಂದು ಪೆಟ್ಟು. 8,000ದಲ್ಲಿ 2,000 ಖಾಲಿ ಓಡಿದರೆ, ಒಟ್ಟು ಖರ್ಚು 3,69,000ವನ್ನು ಲೋಡ್ ಇದ್ದ 6,000 ಕಿಲೋಮೀಟರೇ ಹೊರಬೇಕು. ಅಂದರೆ ಲೋಡ್ ಕಿಲೋಮೀಟರಿಗೆ 61.50. ಇದಕ್ಕಿಂತ ಕಡಿಮೆ ಬಾಡಿಗೆಗೆ ಹೋದರೆ ನಿಮ್ಮ ಸಂಬಳದಿಂದ ಯಾರದೋ ಮಾಲು ಸಾಗಿಸಿದ ಹಾಗೆ. (ಖಾಲಿ ಗಾಡಿ ಡೀಸೆಲ್ ಸ್ವಲ್ಪ ಕಡಿಮೆ ಕುಡಿಯುತ್ತದೆ ನಿಜ, ಆದರೆ ಆ ಉಳಿತಾಯ ನಂಬಿಕೊಂಡು ಲೆಕ್ಕ ಹಾಕಬೇಡಿ, ಅದು ಘಾಟಿಯಲ್ಲಿ ಹೋಗುತ್ತದೆ.) ರಿಟರ್ನ್ ಲೋಡ್‌ಗೆ ಮಾತ್ರ ಬೇರೆ ಲೆಕ್ಕ. ಹೇಗಿದ್ದರೂ ವಾಪಸ್ ಬರಲೇಬೇಕಾದ ಗಾಡಿಗೆ ಡೀಸೆಲ್, ಟೋಲ್ ಕಳೆದು ಸ್ವಲ್ಪ ಮಿಕ್ಕರೂ ಸಾಕು. ಆದರೆ ಅದಕ್ಕಾಗಿ ಮೂರು ದಿನ ಕಾಯಬೇಕು ಅಂದರೆ 10,500 ಕಳೆದು ನೋಡಿ, ಎಷ್ಟೋ ಸಲ ಖಾಲಿ ಬರುವುದೇ ವಾಸಿ.

ಲೋಡ್ ಯಾರು ಕೊಡುತ್ತಾರೆ

ಗಾಡಿ ಯಾವುದು ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಲೋಡ್ ಎಲ್ಲಿಂದ ಬರುತ್ತದೆ ಅಂತ ಕೇಳುವವರು ಕಡಿಮೆ. ಮೊದಲು ಇದು, ಆಮೇಲೆ ಅದು.

ಮೂರು ದಾರಿ ಇವೆ. ಯಾವುದಾದರೂ ಟ್ರಾನ್ಸ್‌ಪೋರ್ಟ್ ಕಂಪನಿಗೆ ಗಾಡಿ ಅಟ್ಯಾಚ್ ಮಾಡಿದರೆ ಬಾಡಿಗೆ ಕಡಿಮೆ, ಆದರೆ ಕೆಲಸ ತಪ್ಪುವುದಿಲ್ಲ. ಬ್ರೋಕರ್ ಆಫೀಸು ಅಥವಾ ಮೊಬೈಲ್ ಆಪ್ ನಂಬಿದರೆ ಸೀಸನ್‌ನಲ್ಲಿ ರಾಜ, ಮಳೆಗಾಲದಲ್ಲಿ ಭಿಕಾರಿ. ನೇರವಾಗಿ ಗಿರಾಕಿ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಒಂದೇ ಗಾಡಿ ಇರುವವರಿಗೆ ಕಂಪನಿಗಳು ಸುಲಭಕ್ಕೆ ಕೆಲಸ ಕೊಡುವುದಿಲ್ಲ. ನಿಮ್ಮ ಗಾಡಿ ಕೆಟ್ಟ ದಿನ ಅವರ ಮಾಲು ನಿಂತುಹೋಗುತ್ತದಲ್ಲ. ನನ್ನ ಅನುಭವದಲ್ಲಿ ಮೊದಲ ಎರಡು ವರ್ಷ ಅಟ್ಯಾಚ್ ಮಾಡಿಕೊಂಡು ಕಂತು ತಪ್ಪದ ಹಾಗೆ ನೋಡಿಕೊಳ್ಳುವುದು ಜಾಣತನ, ಗಿರಾಕಿಗಳನ್ನು ಆ ಹೊತ್ತಿನಲ್ಲೇ ಪರಿಚಯ ಮಾಡಿಕೊಳ್ಳಬೇಕು. ಡ್ರೈವರ್ ಆಗಿರುವಾಗಲೇ ಶುರು ಮಾಡಿ. ಗೋಡೌನ್ ಸೂಪರ್‌ವೈಸರ್, ಡಿಸ್ಪ್ಯಾಚ್ ಗುಮಾಸ್ತ, ಮಂಡಿ ಸಾಹುಕಾರರು, ಇವರಲ್ಲಿ ಎಷ್ಟು ಜನ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ? ಐದು ಜನವೂ ಇಲ್ಲ ಅಂದರೆ ಗಾಡಿಯ ಯೋಚನೆ ಇನ್ನೊಂದು ವರ್ಷ ಮುಂದಕ್ಕೆ ಹಾಕಿ.

ಒಂದೇ ಲೋಡ್, ಒಂದೇ ದಾರಿ ನಂಬಿಕೊಳ್ಳಬೇಡಿ. ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಅದಿರು ಜೋರಾಗಿದ್ದಾಗ ಹೊಲ ಮಾರಿ ಟಿಪ್ಪರ್ ತಗೊಂಡವರಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದ್ದೂ ನಿಂತಿತು. ಗಾಡಿಗಳು ಸರಿಯಾಗಿಯೇ ಇದ್ದವು, ಡ್ರೈವರ್‌ಗಳು ಸರಿಯಾಗಿಯೇ ಇದ್ದರು, ಲೋಡ್ ಮಾತ್ರ ಇರಲಿಲ್ಲ, ಕಂತು ಮಾತ್ರ ಬರುತ್ತಲೇ ಇತ್ತು. ಮಂಗಳೂರು ಬಂದರಿನ ಲೋಡ್ ನಂಬಿದವರಿಗೆ 2018 ಹೀಗೇ ಆಯಿತು. ಕಾಂಕ್ರೀಟ್ ಕೆಲಸಕ್ಕೆ ಅಂತ ಜನವರಿಯಿಂದ ಜುಲೈವರೆಗೆ ಶಿರಾಡಿ ಘಾಟಿ ಬಂದ್, ತೆರೆದು ಒಂದು ತಿಂಗಳಿಗೆ ಗುಡ್ಡ ಕುಸಿದು ಮತ್ತೆ ಬಂದ್. ಸುತ್ತು ದಾರಿಯ ಡೀಸೆಲ್ ಕೊಡಿ ಅಂದರೆ ಗಿರಾಕಿಗಳು ಆಕಾಶ ನೋಡುತ್ತಾರೆ. ನಿಮ್ಮ ಬುಕ್ಕಿನಲ್ಲಿ ಇದನ್ನೂ ನೋಡಿಕೊಳ್ಳಿ: ಆರು ತಿಂಗಳ ಬಾಡಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬನೇ ಗಿರಾಕಿಯಿಂದ ಬಂದಿದೆಯಾ?

ದುಡ್ಡು ಕೈಗೆ ಬರುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಲೋಡ್ ಆದಾಗ ಅಡ್ವಾನ್ಸ್ ಕೊಡುತ್ತಾರೆ, ಉಳಿದದ್ದು ಮಾಲು ಇಳಿಸಿ, ಎಲ್‌ಆರ್ (ಮಾಲಿನ ಲಾರಿ ರಸೀದಿ) ಕಾಪಿಗೆ ಸೀಲು ಸಹಿ ಹಾಕಿಸಿ ತಂದುಕೊಟ್ಟ ಮೇಲೆ. ಆ "ಮೇಲೆ" ಅನ್ನುವುದು ಹತ್ತು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು. ನನ್ನ ಮೊದಲ ವರ್ಷ ಒಂದು ಆಫೀಸಿನಲ್ಲಿ ಏಳು ಟ್ರಿಪ್‌ನ ಬ್ಯಾಲೆನ್ಸ್ ಉಳಿಸಿಕೊಂಡರು. ಕೇಳಿದಾಗಲೆಲ್ಲ ಕಾಫಿ ಕೊಡುತ್ತಿದ್ದರು, "ಸೋಮವಾರ ಬಾಪ್ಪ" ಅನ್ನುತ್ತಿದ್ದರು. ಸೋಮವಾರಗಳು ಮುಗಿಯಲಿಲ್ಲ, ಕೊನೆಗೆ ಆಫೀಸೇ ಮುಚ್ಚಿತು. ಆವತ್ತಿನಿಂದ ನನ್ನದೊಂದು ನಿಯಮ: ಹಿಂದಿನ ಎರಡು ಟ್ರಿಪ್‌ನ ಬ್ಯಾಲೆನ್ಸ್ ಬಾಕಿ ಇದ್ದರೆ ಮೂರನೇ ಲೋಡ್ ಹತ್ತಿಸುವುದಿಲ್ಲ, ಅವರು ಎಷ್ಟೇ ಹಳೆಯ ಪರಿಚಯವಿರಲಿ. ಮಾಲು ಇಳಿಸಿದ ಜಾಗದಲ್ಲೇ ಸಹಿಯಾದ ಕಾಪಿಯ ಫೋಟೋ ತೆಗೆದು ಕಳಿಸಿ, ಶಾರ್ಟೇಜ್ ಅಂತ ಏನಾದರೂ ಬರೆದಿದ್ದರೆ ಅಲ್ಲೇ ಎಣಿಸಿ ತೀರ್ಮಾನ ಮಾಡಿಕೊಳ್ಳಿ. ಊರಿಗೆ ಬಂದ ಮೇಲೆ ನಿಮ್ಮ ಮಾತು ಕೇಳುವವರಿಲ್ಲ.

ಗಾಡಿ ಮತ್ತು ಸಾಲ

ಹೊಸದಾ ಹಳೆಯದಾ? ಹೊಸದಕ್ಕೆ ಕಂತು ಜಾಸ್ತಿ, ಗ್ಯಾರೇಜು ಕಡಿಮೆ. ಹಳೆಯದಕ್ಕೆ ಕಂತು ಕಡಿಮೆ, ಆದರೆ ನಿಲ್ಲುವ ದಿನ ಜಾಸ್ತಿ. ಸ್ವಲ್ಪ ಮೆಕ್ಯಾನಿಕ್ ಕೆಲಸ ಕೈಗೆ ಬರುವವರು ಹಳೆಯದು ತಗೊಳ್ಳಬಹುದು. ಕ್ಲಚ್ ಪ್ಲೇಟ್ ಬದಲಾಯಿಸಲೂ ಬೇರೆಯವರನ್ನು ಕಾಯುವವರಿಗೆ ಅದು ಬೇಡ. 2025ರ ಸೆಪ್ಟೆಂಬರ್ 22ರಿಂದ ಹೊಸ ಲಾರಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಮೂರ್ನಾಲ್ಕು ವರ್ಷದ ಹಳೆಯ ಗಾಡಿಗೆ ಯಾರಾದರೂ ಹಳೆಯ ಲೆಕ್ಕದ ಬೆಲೆ ಹೇಳಿದರೆ ಒಪ್ಪಬೇಡಿ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಕೂಡ. ಕಲಬುರಗಿ ಕಡೆ ಬೇಸಿಗೆಯಲ್ಲಿ ಓಡಿಸಿದವರಿಗೆ ಅದರ ಬೆಲೆ ಗೊತ್ತು.

ಹೊಸ ಗಾಡಿ ಬರೀ ಚಾಸಿಸ್ ಆಗಿ ಬಂದರೆ ಬಾಡಿ ಕಟ್ಟಿಸುವುದು ನಿಮ್ಮ ಕೆಲಸ. ಅದಕ್ಕೆ ಬೇರೆ ದುಡ್ಡು, ವಾರಗಟ್ಟಲೆ ಹೊತ್ತು. ಸಾಲದ ಪತ್ರದಲ್ಲಿ ಮೊದಲ ಕಂತಿನ ದಿನಾಂಕ ನೋಡಿ, ಬಾಡಿ ಆಗುವ ಮೊದಲೇ ಅದು ಬಂದು ಕೂತಿರುತ್ತದೆ. ಆಮೇಲೆ ಪೇಂಟು, ಸೀರಿಯಲ್ ಲೈಟು, ಹಾರ್ನು, ಕ್ಯಾಬಿನ್ ಒಳಗೆ ಮಖಮಲ್ಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮವರು ಲಾರಿ ನೋಡಿಯೇ ಹೇಳಿರಬೇಕು. ನಾನೂ ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ.

ಸಾಲದಲ್ಲಿ ಒಂದು ಮಾತು ಸರಿಯಾಗಿ ಕೇಳಿಸಿಕೊಳ್ಳಿ. ಹಳೆಯ ಗಾಡಿಗೆ ಫೈನಾನ್ಸ್‌ನವರು "ಬರೀ 9 ಪರ್ಸೆಂಟ್" ಅನ್ನುತ್ತಾರೆ. ಫ್ಲಾಟಾ, ರೆಡ್ಯೂಸಿಂಗಾ ಅಂತ ಕೇಳಿ. 12 ಲಕ್ಷಕ್ಕೆ 9 ಫ್ಲಾಟ್, 4 ವರ್ಷ ಅಂದರೆ ಬಡ್ಡಿ 4,32,000, ಕಂತು 34,000. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 12 ಲಕ್ಷದ ಮೇಲೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕದಲ್ಲಿ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ, ಇದು ಶೇ. 16 ಬಡ್ಡಿ. ಬಾಯಿಮಾತು ಬಿಡಿ, ಒಟ್ಟು ಎಷ್ಟು ಕಂತು, ಒಂದೊಂದು ಎಷ್ಟು ಅಂತ ಬರೆಸಿಕೊಂಡು ಗುಣಿಸಿ ನೋಡಿ. 90 ದಿನ ಕಂತು ಬಾಕಿ ಬಿದ್ದರೆ ಸಾಲ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಸೀಜ್ ಮಾಡುವವರು ಟೋಲ್ ಹತ್ತಿರ ಕಾಯುತ್ತಿರುತ್ತಾರೆ, ಲೋಡ್ ಇದ್ದರೂ ಬಿಡುವುದಿಲ್ಲ. ಹಾಗಾಗಿ ಕೈಯಲ್ಲಿ ಮುಂಗಡ ದುಡ್ಡು ಇದ್ದರೆ ಸಾಲದು. ಅದರ ಮೇಲೆ ಮೂರು ಕಂತು, ಒಂದು ದೊಡ್ಡ ರಿಪೇರಿಗೆ ಆಗುವಷ್ಟು, ಮೊದಲ ತಿಂಗಳ ಡೀಸೆಲ್, ಇಷ್ಟು ಬೇರೆ ಇರಬೇಕು. ಇಲ್ಲ ಅಂದರೆ ಚಿಕ್ಕ ಗಾಡಿಯಿಂದ ಶುರು ಮಾಡಿ. ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, ಹಾಗಾಗಿ ಬೇಕಾದಾಗ ಬದಲಿ ಡ್ರೈವರ್ ಸಿಗುವುದೂ ಸುಲಭ.

"ರನ್ನಿಂಗ್ ಲೋನ್ ಗಾಡಿ, ಉಳಿದ ಕಂತು ನೀನು ಕಟ್ಟಿಕೊಂಡು ಹೋಗು, ತೀರಿದ ಮೇಲೆ ಹೆಸರು ಬದಲಾಯಿಸಿಕೊಡ್ತೀನಿ" ಅನ್ನುವ ವ್ಯಾಪಾರ ಬೇಡವೇ ಬೇಡ. ಆರ್‌ಸಿಯಲ್ಲಿ ಹೆಸರು ಅವರದ್ದು, ವಿಮೆ ಅವರದ್ದು, ಕಂತು ಮಾತ್ರ ನಿಮ್ಮದು. ಗಾಡಿ ಸುಟ್ಟುಹೋದರೆ ವಿಮೆ ದುಡ್ಡು ಯಾರಿಗೆ ಬರುತ್ತದೆ? ಅವರು ಇನ್ನೊಂದು ಸಾಲ ಬಾಕಿ ಉಳಿಸಿಕೊಂಡರೆ ಫೈನಾನ್ಸ್‌ನವರು ಯಾವ ಗಾಡಿ ಹುಡುಕುತ್ತಾರೆ? ಮಾರುವವರಿಗೂ ಇದು ಒಳ್ಳೆಯದಲ್ಲ, ಅಪಘಾತವಾದರೆ ಕೋರ್ಟು ಆರ್‌ಸಿಯಲ್ಲಿ ಹೆಸರಿದ್ದವರನ್ನೇ ಓನರ್ ಅಂತ ಹಿಡಿಯುತ್ತದೆ. ಫೈನಾನ್ಸ್‌ನವರಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ತಂದು, ಹೆಸರು ಬದಲಾಯಿಸಿ, 14 ದಿನದ ಒಳಗೆ ವಿಮೆ ಕಂಪನಿಗೂ ತಿಳಿಸಿ. ಕೊಳ್ಳುವ ಮೊದಲು ಎಂ-ಪರಿವಾಹನ್ ಆಪ್‌ನಲ್ಲಿ ಎಫ್‌ಸಿ, ಟ್ಯಾಕ್ಸ್, ಬಾಕಿ ಚಲನ್ ನೋಡಿ. ಬೇರೆ ರಾಜ್ಯದ ಹಳೆಯ ಚಲನ್ ಒಂದು ಇದ್ದರೂ ಮುಂದೆ ಕೆಲಸ ಕೆಡಿಸುತ್ತದೆ.

ಕಾಗದ ಪತ್ರ, ತೂಕ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ತಾತ್ಸಾರ ಬೇಡ. ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 20ರಿಂದ 40 ಟನ್ ಒಟ್ಟು ತೂಕದ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ 43,950, ಗಾಡಿಯ ಸ್ವಂತ ಹಾನಿಗೆ ಬೇರೆ. ಗಾಡಿಯ ವಿಮೆ ಒಳಗಿನ ಮಾಲಿಗೆ ಅನ್ವಯ ಆಗುವುದಿಲ್ಲ, ಮಾಲಿಗೆ ಯಾರು ವಿಮೆ ಮಾಡಿಸಿದ್ದಾರೆ ಅಂತ ಲೋಡ್ ಹತ್ತಿಸುವಾಗಲೇ ಕೇಳಿ. ನೀವೇ ಓನರ್, ನೀವೇ ಡ್ರೈವರ್ ಆದ್ದರಿಂದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಲೇಬೇಕು, ಆದರೆ ನಿಮ್ಮ ಲೈಸೆನ್ಸ್ ಅವಧಿ ಮುಗಿದಿದ್ದರೆ ಆ ವಿಮೆ ಇದ್ದೂ ಇಲ್ಲದ ಹಾಗೆ. ಸರಕು ಗಾಡಿ ಲೈಸೆನ್ಸ್ ಐದು ವರ್ಷಕ್ಕೆ ಮುಗಿಯುತ್ತದೆ, ದಿನಾಂಕ ಕ್ಯಾಬಿನ್ ಬಾಗಿಲ ಮೇಲೆ ಬರೆದಿಡಿ.

ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಪತ್ರ, ಅಂದರೆ ಇ-ವೇ ಬಿಲ್‌ನ ಅವಧಿ 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ. ದಾರಿಯಲ್ಲಿ ಗಾಡಿ ಕೆಟ್ಟರೆ ಮೊದಲು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇವೆ, ಎರಡನೇ ಫೋನ್ ಟ್ರಾನ್ಸ್‌ಪೋರ್ಟ್‌ನವರಿಗೆ ಇರಲಿ. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆ ಒಳಗೆ ಮಾತ್ರ ಅದನ್ನು ವಿಸ್ತರಿಸಬಹುದು. ತಪ್ಪಿದರೆ ಮಾಲಿನ ಜೊತೆ ನಿಮ್ಮ ಗಾಡಿಯನ್ನೂ ನಿಲ್ಲಿಸಿಕೊಳ್ಳುತ್ತಾರೆ. ದಿನಕ್ಕೆ 3,500, ನೆನಪಿದೆಯಲ್ಲ?

ಓವರ್‌ಲೋಡ್ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದೆ, ನನ್ನದೂ ಕೇಳಿ. ಹತ್ತು ಚಕ್ರದ ಗಾಡಿಗೆ 2018ರಲ್ಲಿ ಒಟ್ಟು ತೂಕ 25ರಿಂದ 28.5 ಟನ್‌ಗೆ ಏರಿಸಿದರು. ಖಾಲಿ ಗಾಡಿ 9.5 ಟನ್ ಇದ್ದರೆ 19 ಟನ್ ಹಾಕಬಹುದು. ಮೂರು ಟನ್ ಜಾಸ್ತಿ ಹಾಕಿದರೆ, 2019ರ ಕೇಂದ್ರದ ತಿದ್ದುಪಡಿ ಪ್ರಕಾರ ದಂಡ 20,000, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2,000, ಒಟ್ಟು 26,000. ಮಾಲು ಇಳಿಸುವ ಖರ್ಚೂ ನಿಮ್ಮದೇ. ಹತ್ತು ಸಲ ಹಾಕಿ ಒಂದು ಸಲ ಸಿಕ್ಕಿಬಿದ್ದರೆ ಪರವಾಗಿಲ್ಲ ಅನ್ನುವ ಲೆಕ್ಕ ಓನರ್‌ಗಳು ಹಾಕುತ್ತಾರೆ, ಯಾಕೆಂದರೆ ಸ್ಟೀರಿಂಗ್ ಹಿಡಿದಿರುವವನು ಇನ್ನೊಬ್ಬ. ಈಗ ಹಿಡಿಯುವವರು ನೀವೇ. ಚಾರ್ಮಾಡಿಗೆ ದೊಡ್ಡ ಗಾಡಿ ಬಿಡುವುದಿಲ್ಲ, ಶಿರಾಡಿಯಲ್ಲೇ ಇಳಿಯಬೇಕು, ಅಲ್ಲಿ ಬ್ರೇಕ್ ಡ್ರಮ್‌ಗೆ ನಿಮ್ಮ ಲಾಭ ನಷ್ಟ ಗೊತ್ತಾಗುವುದಿಲ್ಲ. ಓವರ್‌ಲೋಡ್ ಹಾಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ ಅಂತ ನಿಮ್ಮ ಬುಕ್ಕು ಹೇಳಿದರೆ, ಆ ಲೈನ್‌ಗೆ ಗಾಡಿ ತಗೊಳ್ಳಬೇಡಿ.

ತೆರಿಗೆ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ಹತ್ತು ಗಾಡಿವರೆಗೆ ಇರುವವರು ಪೂರ್ತಿ ಪುಸ್ತಕ ಬರೆದು ತೋರಿಸಬೇಕಿಲ್ಲ. 44ಎಇ ಅಂತ ಎಲ್ಲರೂ ಕರೆಯುವ ನಿಯಮದಲ್ಲಿ 12 ಟನ್ ದಾಟಿದ ಗಾಡಿಗೆ ಒಟ್ಟು ತೂಕದ ಪ್ರತಿ ಟನ್‌ಗೆ ತಿಂಗಳಿಗೆ 1,000 ರೂಪಾಯಿ ಆದಾಯ ಅಂತ ಹಿಡಿಯುತ್ತಾರೆ. 28.5 ಟನ್ ಗಾಡಿಗೆ ವರ್ಷಕ್ಕೆ 3,42,000. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬೇರೆ, ಆಡಿಟರ್‌ಗೆ ಗೊತ್ತಿರುತ್ತದೆ. ತೆರಿಗೆ ಬರದಿದ್ದರೂ ರಿಟರ್ನ್ ಹಾಕಿ, ಎರಡನೇ ಸಾಲಕ್ಕೆ ಬ್ಯಾಂಕಿನವರು ಅದನ್ನೇ ಮೊದಲು ಕೇಳುತ್ತಾರೆ. ಟ್ರಾನ್ಸ್‌ಪೋರ್ಟ್ ಆಫೀಸಿಗೆ ಪ್ಯಾನ್ ಜೊತೆ ಒಂದು ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಕೂಡ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ಸುಮ್ನೆ ಕಡಿತ ಮಾಡಿಸಿಕೊಂಡೆ.

ಮನೆ, ಮೈ

ಕಾನೂನು ಪ್ರಕಾರ ಕೂಲಿ ಡ್ರೈವರ್‌ಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 1961ರಿಂದಲೂ ಹಾಗೇ ಇದೆ. ಅದನ್ನು ಯಾರು ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು. ಆದರೂ ಡ್ರೈವರ್ ಆಗಿದ್ದಾಗ "ಆಗಲ್ಲ ಸಾಹುಕಾರ್ರೇ, ಮಲಗಿ ಬೆಳಿಗ್ಗೆ ಹೊರಡ್ತೀನಿ" ಅಂತ ಹೇಳುವ ಧೈರ್ಯ ಇರುತ್ತಿತ್ತು. ನಿಮಗೆ ನೀವೇ ಸಾಹುಕಾರ ಆದ ಮೇಲೆ ಅದನ್ನು ಯಾರಿಗೆ ಹೇಳುತ್ತೀರಿ? ಕಂತಿನ ದಿನ ಹತ್ತಿರ ಬಂದಾಗ ಕಣ್ಣು ತಾನಾಗಿಯೇ ಎಚ್ಚರ ಇರುತ್ತದೆ ಅಂದುಕೊಳ್ಳುತ್ತೇವೆ, ಹಾಗೇನಿಲ್ಲ. ಹಿರಿಯೂರು ದಾಟಿದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ನಾನು ಡಿವೈಡರ್ ಸವರಿಕೊಂಡು ಹೋದದ್ದು ಓನರ್ ಆದ ಮೇಲೆಯೇ, ಅದಕ್ಕೂ ಮೊದಲು ಒಂದು ಸಲವೂ ಇಲ್ಲ.

ಹುಷಾರು ತಪ್ಪಿದರೂ ಅಷ್ಟೇ. ಬೇರೆಯವರ ಗಾಡಿಯಾದರೆ ನೀವು ಮಲಗಿದರೆ ಇನ್ನೊಬ್ಬ ಡ್ರೈವರ್ ಬರುತ್ತಾನೆ. ಇಲ್ಲಿ ನೀವು ಮಲಗಿದರೆ ಡ್ರೈವರೂ ಮಲಗಿದ, ಓನರೂ ಮಲಗಿದ. ಬೆನ್ನು ನೋವು, ಶುಗರ್, ಬಿಪಿ ಈಗಲೇ ಇದ್ದರೆ ಮುಚ್ಚಿಡಬೇಡಿ, ತಿಂಗಳಿಗೆ ನಾಲ್ಕು ದಿನ ಬದಲಿ ಡ್ರೈವರ್ ಇಡುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಾಕಿ. ನಂಬುವಂಥ ಬದಲಿ ಡ್ರೈವರ್ ಒಬ್ಬರ ಹೆಸರು ಈಗಲೇ ತಲೆಯಲ್ಲಿ ಇರಬೇಕು.

ಮನೆಯವರ ಹತ್ತಿರ ಕೂತು ಮಾತಾಡಿ, ಒಪ್ಪಿಗೆಗೆ ಮಾತ್ರ ಅಲ್ಲ, ಕೆಲಸಕ್ಕೆ. ನಮ್ಮ ಗಾಡಿ ಉಳಿದದ್ದು ನನ್ನ ಹೆಂಡತಿಯಿಂದ. ಎಲ್‌ಆರ್ ಫೋಟೋ ಅವಳಿಗೆ ಹೋಗುತ್ತದೆ, ಯಾರು ಎಷ್ಟು ಬಾಕಿ ಅಂತ ಅವಳೇ ಬರೆದಿಡುತ್ತಾಳೆ, ಬ್ಯಾಲೆನ್ಸ್‌ಗೆ ಫೋನ್ ಮಾಡುವವಳೂ ಅವಳೇ. ನಾನು ಕೇಳಿದರೆ "ಸೋಮವಾರ ಬಾಪ್ಪ" ಅನ್ನುತ್ತಿದ್ದವರು ಅವಳಿಗೆ "ಇವತ್ತೇ ಹಾಕ್ತೀವಿ ಅಕ್ಕ" ಅನ್ನುತ್ತಾರೆ. ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಆರು ತಿಂಗಳು ಆಯಿತು, ಬುಕ್ಕು ತುಂಬಿತು ಅಂದುಕೊಳ್ಳಿ. ಬಂದ ಬಾಡಿಗೆಯಲ್ಲಿ ಓಡಿದ ಖರ್ಚು ಕಳೆಯಿರಿ, ನಿಮ್ಮ ಹೊಸ ಕಂತು, ನಿಮ್ಮ ಸಂಬಳ ಎರಡೂ ಸೇರಿದ ದಿನದ ಖರ್ಚು ಕಳೆಯಿರಿ. ಆರರಲ್ಲಿ ನಾಲ್ಕು ತಿಂಗಳು ಏನಾದರೂ ಉಳಿದಿದ್ದರೆ, ಉಳಿಯದ ಎರಡು ತಿಂಗಳ ನಷ್ಟವನ್ನು ತುಂಬುವ ದುಡ್ಡು ಕೈಯಲ್ಲಿದ್ದರೆ, ಹೆಸರು ಹಿಡಿದು ಕರೆಯುವ ಐದು ಜನ ಇದ್ದರೆ, ಹೋಗಿ ಗಾಡಿ ನೋಡಿ. ಸಂಬಳ ಕಳೆದ ಮೇಲೆ ಸೊನ್ನೆ ಬಂದರೆ ಇನ್ನೂ ಒಂದು ಸೀಸನ್ ಬರೆಯಿರಿ. ಅಷ್ಟೂ ಬರದಿದ್ದರೆ ಓನರ್ ಹತ್ತಿರ ಸಂಬಳ ಜಾಸ್ತಿ ಕೇಳುವುದೇ ಲಾಭ.

ನನ್ನ ಜೊತೆ ಓಡಿಸುತ್ತಿದ್ದ ಗೆಳೆಯನೊಬ್ಬ ನಾನು ಹೇಳಿದ ಹಾಗೆ ಪೂರ್ತಿ ಆರು ತಿಂಗಳು ಬರೆದ. ಕೂಡಿಸಿ ಕಳೆದು ನೋಡಿದರೆ ಅವನ ಓನರ್‌ಗೆ ಆ ಗಾಡಿಯಲ್ಲಿ ತಿಂಗಳಿಗೆ ಏನೂ ಮಿಗುತ್ತಿರಲಿಲ್ಲ, ಎರಡು ತಿಂಗಳು ಕೈಯಿಂದಲೇ ಹಾಕಿದ್ದರು. ಇವನು ಬುಕ್ಕು ತಗೊಂಡು ಸಂಬಳ ಕೇಳಲು ಹೋದವನು ಆ ಲೆಕ್ಕ ತೋರಿಸಿಬಿಟ್ಟ. ಓನರ್ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಓದಿದರಂತೆ. ಓದಿ ಮುಗಿಸಿ, "ಈ ಬುಕ್ಕು ಎರಡು ದಿನ ನನ್ನ ಹತ್ರ ಇರಲಿ ಕಣೋ" ಅಂದರಂತೆ. ಇನ್ನೂ ವಾಪಸ್ ಕೊಟ್ಟಿಲ್ಲ. ಗೆಳೆಯ ಗಾಡಿ ತಗೊಳ್ಳಲಿಲ್ಲ, ಸಂಬಳ ಮಾತ್ರ 4,000 ಜಾಸ್ತಿ ಆಯಿತು.